ಅಮ್ಮನ ಕೊನೆಯ ದಿನಗಳು: 108ಕ್ಕೆ ಫೋನ್ ಮಾಡಬೇಕಾ?

ಸಾಗರದ ಮಗಳು:
ಅಮ್ಮನಿಗೆ 71 ವರ್ಷ, ಹೊಟ್ಟೆ ಕ್ಯಾನ್ಸರ್. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂತ ಡಾಕ್ಟರ್ ಹೇಳಿ ಮೂರು ವಾರ ಆಯಿತು. ಮಾರ್ಫಿನ್ ಮಾತ್ರೆ ಕೊಡುತ್ತಿದ್ದೇವೆ. ಅಮ್ಮನಿಗೂ ಮನೆ ಬಿಟ್ಟು ಹೋಗಲು ಇಷ್ಟವಿಲ್ಲ. ನಿನ್ನೆ ರಾತ್ರಿ ಗಂಟಲು ಗೊರಗೊರ ಅಂದಾಗ ನನಗೆ ಕೈಕಾಲೇ ಆಡಲಿಲ್ಲ. ಅಣ್ಣ 108ಕ್ಕೆ ಫೋನ್ ಮಾಡು ಅಂದ. ಬಂದವರು ಬಲವಂತವಾಗಿ ಆಸ್ಪತ್ರೆಗೆ ಒಯ್ದುಬಿಟ್ಟರೆ?

108 ಇಎಂಟಿ (ಆಂಬುಲೆನ್ಸ್‌ನಲ್ಲಿ ಬಂದು ತುರ್ತು ಚಿಕಿತ್ಸೆ ಕೊಡುವವರು):
ಅಕ್ಕಾ, ನಾನು ಹನ್ನೊಂದು ವರ್ಷದಿಂದ 108ರಲ್ಲಿ ಇದ್ದೇನೆ. ಬಲವಂತ ಮಾಡುವುದಿಲ್ಲ. ನಾಡಿ, ಬಿಪಿ, ಆಕ್ಸಿಜನ್ ನೋಡಿ ನಮ್ಮ ಡಾಕ್ಟರ್ ಹತ್ತಿರ ಫೋನಿನಲ್ಲಿ ಮಾತಾಡುತ್ತೇವೆ. ನೀವು ಬೇಡ ಅಂದರೆ ಸಹಿ ಹಾಕಿಸಿಕೊಂಡು ಹೋಗುತ್ತೇವೆ. ಆದರೆ ಕಾಗದ ಕಾಣದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು? ಉಸಿರು ನಿಂತಿದ್ದರೆ ಎದೆ ಒತ್ತಲು ಶುರು ಮಾಡುತ್ತೇವೆ. ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ್ ಚೀಟಿ, ಮಾರ್ಫಿನ್ ಯಾವಾಗ ಕೊಟ್ಟಿರಿ ಅಂತ ಬರೆದದ್ದು, ಎಲ್ಲ ಅಮ್ಮನ ಹತ್ತಿರವೇ ಇರಲಿ.

ಆ ಗೊರಗೊರ ಶಬ್ದ ನುಂಗಲಾಗದ ಎಂಜಲಿನದು. ಕೇಳುವ ನಮಗೆ ಆಗುವಷ್ಟು ಸಂಕಟ ಸಾಮಾನ್ಯವಾಗಿ ಅವರಿಗೆ ಆಗುವುದಿಲ್ಲ. ಮೆಲ್ಲಗೆ ಒಂದು ಮಗ್ಗುಲಿಗೆ ಮಲಗಿಸಿ. ನೆಂಟರು ಬಂದು ಚಮಚದಲ್ಲಿ ಗಂಗಾಜಲ ಬಿಡುತ್ತಾರೆ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಒದ್ದೆ ಹತ್ತಿಯಿಂದ ತುಟಿಗೆ ಮುಟ್ಟಿಸಿದರೆ ಸಾಕು.

ಕಳೆದ ಮಳೆಗಾಲದಲ್ಲಿ ಒಂದು ಮನೆಗೆ ಹೋದೆ. ಅಜ್ಜನ ನಾಡಿ ಆಗಲೇ ನಿಂತಿತ್ತು, ಮೈ ತಣ್ಣಗಾಗಿತ್ತು. ಅಜ್ಜಿ ಅವರ ಕಾಲಿಗೆ ಉಣ್ಣೆ ಕಾಲುಚೀಲ ಹಾಕುತ್ತಾ "ಚಳಿ ಆಗ್ತದೆ" ಅನ್ನುತ್ತಿದ್ದರು. ನೋಡೋಣ, ಪ್ರಯತ್ನ ಮಾಡೋಣ ಅಂತ ಸುಮ್ನೆ ಆಸೆ ಹುಟ್ಟಿಸಲು ನನಗೆ ಮನಸ್ಸು ಬರಲಿಲ್ಲ. ಪಕ್ಕದಲ್ಲಿ ಕೂತು "ಅಜ್ಜಿ, ಅಜ್ಜ ಹೋಗಿಬಿಟ್ಟರು" ಅಂದೆ. ಅವರು ಇನ್ನೊಂದು ಕಾಲುಚೀಲ ನನ್ನ ಕೈಗೆ ಕೊಟ್ಟರು. ನಾನೇ ಹಾಕಿದೆ. ಅಷ್ಟರಲ್ಲಿ ಮುಂದಿನ ಕರೆ ಬಂತು, ಹೊರಡಬೇಕಾಯಿತು. ಇನ್ನೊಂದು ಐದು ನಿಮಿಷ ಕೂರಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಹಾಸನದವನು:
ಅಪ್ಪ ಮನೆಯಲ್ಲೇ ಹೋದಾಗ ನಮಗೆ ಗೊತ್ತಿರದಿದ್ದ ಮೂರು ವಿಷಯ ಹೇಳುತ್ತೇನೆ. 108 ಶವ ಒಯ್ಯುವುದಿಲ್ಲ, ಬೇರೆ ಗಾಡಿಯ ನಂಬರ್ ಈಗಲೇ ಇಟ್ಟುಕೊಳ್ಳಿ. ಸಾವಿನ ಕಾರಣದ ಪತ್ರವನ್ನು ನೋಡುತ್ತಿದ್ದ ಡಾಕ್ಟರ್ ಹತ್ತಿರವೇ ಬರೆಸಿ. 21 ದಿನದೊಳಗೆ ನೋಂದಣಿ ಮಾಡಿಸಿದರೆ ದಂಡ ಇಲ್ಲ. ಈಗ ಇದನ್ನು ಓದುವುದು ಕಷ್ಟ, ಅಣ್ಣನಿಗೆ ಕಳಿಸಿಬಿಡಿ.

ಸಾಗರದ ಮಗಳು:
ಅಣ್ಣನಿಗೆ ಕಳಿಸಿದೆ. ಚೀಟಿಗಳನ್ನೆಲ್ಲ ದಿಂಬಿನ ಕೆಳಗೆ ಇಟ್ಟಿದ್ದೇನೆ. ಮಗ್ಗುಲಿಗೆ ಮಲಗಿಸಿದ ಮೇಲೆ ಶಬ್ದ ಸ್ವಲ್ಪ ಕಮ್ಮಿ ಆಗಿದೆ. ಈಗಷ್ಟೇ ತುಟಿಗೆ ಒದ್ದೆ ಹತ್ತಿ ಮುಟ್ಟಿಸಿದೆ. ಅಮ್ಮ ಚೀಪಿದರು.