ಐಐಟಿ ಬಾಂಬೆಯೋ, ಮದ್ರಾಸೋ? ಥರ್ಮಲ್ ಎಂ.ಟೆಕ್.ಗೆ ಎರಡೂ ಕಡೆ ಆಫರ್ ಬಂದಿದೆ

ಮಾಲೂರು ಮೆಕ್ಯಾನಿಕಲ್
ಗೇಟ್ (ಎಂ.ಟೆಕ್. ಪ್ರವೇಶ ಪರೀಕ್ಷೆ) ಸ್ಕೋರ್ ಮೇಲೆ ಒಂದೇ ಸುತ್ತಿನಲ್ಲಿ ಎರಡು ಆಫರ್ ಬಂದಿವೆ. ಐಐಟಿ ಬಾಂಬೆಯಲ್ಲಿ ಥರ್ಮಲ್ ಅಂಡ್ ಫ್ಲೂಯಿಡ್ಸ್, ಟಿಎ (ಟೀಚಿಂಗ್ ಅಸಿಸ್ಟೆಂಟ್) ಸೀಟು. ಐಐಟಿ ಮದ್ರಾಸ್‌ನಲ್ಲಿ ಥರ್ಮಲ್. ವಿಟಿಯು ಕೊನೆ ಸೆಮಿಸ್ಟರ್ ಫಲಿತಾಂಶ ಇನ್ನೂ ಬಂದಿಲ್ಲ. ಒಲವು ದಹನ ಮತ್ತು ಇಂಜಿನ್ ಕಡೆಗೆ, ಸಿಎಫ್‌ಡಿ (ದ್ರವ, ಅನಿಲದ ಹರಿವನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕೋದು) ಕೂಡ ಇಷ್ಟ. ಮನೆಯಲ್ಲಿ ಎಲ್ಲರೂ ‘ಬಾಂಬೆ ಅಂದ್ರೆ ಬಾಂಬೆನೇ’ ಅಂತಿದ್ದಾರೆ. ಯಾವ ಆಧಾರದ ಮೇಲೆ ಆರಿಸೋದು? ಎರಡನ್ನೂ ಇಟ್ಕೊಂಡು ಮುಂದಿನ ಸುತ್ತಿಗೆ ಕಾಯಬಹುದಾ?

ಅಂತರಗಂಗೆ
ಮೊದಲು ‘ಬಾಂಬೆ ಅಂದ್ರೆ ಬಾಂಬೆನೇ’ ಅನ್ನೋದನ್ನ ಪಕ್ಕಕ್ಕಿಡಿ. ಆ ಮಾತು ಹುಟ್ಟಿದ್ದು ಬಿ.ಟೆಕ್. ಕಂಪ್ಯೂಟರ್ ಸೈನ್ಸ್‌ನಿಂದ. ಜೆಇಇಯಲ್ಲಿ ಮುಂಚೂಣಿ ರ‍್ಯಾಂಕ್ ಪಡೆದವರು ವರ್ಷವರ್ಷ ಅಲ್ಲಿಗೇ ಹೋಗ್ತಾರೆ, ಅದು ನಿಜ. ಆದರೆ ಆ ಹೆಸರನ್ನ ತಂದು ಎಂ.ಟೆಕ್. ಥರ್ಮಲ್‌ಗೆ ಹಚ್ಚಿದರೆ ಲೆಕ್ಕ ತಪ್ಪುತ್ತೆ. ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಎನ್‌ಐಆರ್‌ಎಫ್‌ನ ಎಂಜಿನಿಯರಿಂಗ್ ಪಟ್ಟಿಯಲ್ಲಿ 2016ರಿಂದ ಮೊದಲ ಸ್ಥಾನ ಮದ್ರಾಸ್‌ನದು. ಅದನ್ನೂ ನೆಚ್ಚಿಕೊಳ್ಳಬೇಡಿ, ಈ ಮಟ್ಟದಲ್ಲಿ ಎರಡು ಮೂರು ಸ್ಥಾನದ ವ್ಯತ್ಯಾಸದಿಂದ ನಿಮ್ಮ ಎರಡು ವರ್ಷದಲ್ಲಿ ಏನೂ ಬದಲಾಗಲ್ಲ.

ಬದಲಾಗೋದು ಲ್ಯಾಬ್ ಮತ್ತು ಗೈಡ್‌ನಿಂದ. ಎಂ.ಟೆಕ್.ನಲ್ಲಿ ಮೊದಲ ವರ್ಷ ಹೆಚ್ಚಾಗಿ ಕೋರ್ಸ್‌ಗಳು, ಎರಡನೇ ವರ್ಷ ಹೆಚ್ಚಾಗಿ ಪ್ರಾಜೆಕ್ಟ್. ದಹನವೇ ಬೇಕು ಅಂದ್ರೆ ಮದ್ರಾಸ್‌ನ ತೂಕ ಹೆಚ್ಚು: ರಾಷ್ಟ್ರೀಯ ದಹನ ಸಂಶೋಧನಾ ಕೇಂದ್ರ, ಅಂದರೆ ಎನ್‌ಸಿಸಿಆರ್‌ಡಿ, ಇರೋದು ಅಲ್ಲೇ. 2024ರ ಮೇ 30ರಂದು ಶ್ರೀಹರಿಕೋಟಾದಿಂದ ತ್ರೀಡಿ ಮುದ್ರಿತ ಎಂಜಿನ್ನಿನ ರಾಕೆಟ್ ಹಾರಿಸಿದ ಅಗ್ನಿಕುಲ್ ಕಂಪನಿ ಬೆಳೆದದ್ದೂ ಅದೇ ಕ್ಯಾಂಪಸ್‌ನಲ್ಲಿ. ಸೌರಶಕ್ತಿಯ ಕಡೆ ವಾಲ್ತೀರಾದರೆ ಬಾಂಬೆ. ಅಲ್ಲಿ ಎನರ್ಜಿ ಸೈನ್ಸ್‌ಗೆ ಪ್ರತ್ಯೇಕ ವಿಭಾಗವೇ ಇದೆ, ಗುರುಗ್ರಾಮದ ಬಳಿಯ 1 ಮೆಗಾವಾಟ್ ಸೌರ ಉಷ್ಣ ಸ್ಥಾವರ ಕಟ್ಟಿದ್ದು ಅವರೇ. ಸಿಎಫ್‌ಡಿ ಎರಡೂ ಕಡೆ ಗಟ್ಟಿಯಾಗಿದೆ, ಅದರ ಮೇಲೆ ತೀರ್ಮಾನ ಬೇಡ.

ಇವತ್ತೇ ಎರಡೂ ವಿಭಾಗದ ಅಧ್ಯಾಪಕರ ಪುಟ ತೆರೆದು, ನಿಮ್ಮ ವಿಷಯದಲ್ಲಿ ಕಳೆದ ಎರಡು ಮೂರು ವರ್ಷದಲ್ಲಿ ಪೇಪರ್ ಬರೆದವರನ್ನ ಎಣಿಸಿ. ಒಬ್ಬರೇ ಇದ್ದರೆ ಅಪಾಯ: ಅವರ ಕೈಕೆಳಗೆ ಜಾಗ ತುಂಬಿದ್ದರೆ, ಇಲ್ಲಾ ರಜೆ ಮೇಲೆ ಹೋದರೆ, ಸಂಬಂಧವೇ ಇಲ್ಲದ ಪ್ರಾಜೆಕ್ಟ್ ನಿಮ್ಮ ತಲೆಗೆ ಬೀಳುತ್ತೆ. ಕನಿಷ್ಠ ಮೂವರಿರಬೇಕು. ಗೈಡ್ ಹಂಚಿಕೆ ಸಿಜಿಪಿಎ ಮೇಲೋ, ಪರಸ್ಪರ ಒಪ್ಪಿಗೆ ಮೇಲೋ ಅಂತ ಈಗಿನ ಮೊದಲ ವರ್ಷದವರನ್ನ ಕೇಳಿ.

ಬಂಗಾರಪೇಟೆ ಜಂಕ್ಷನ್
ಕಾಯುವ ವಿಚಾರ. ಕೋಆಪ್‌ನಲ್ಲಿ, ಅಂದರೆ ಐಐಟಿಗಳ ಎಂ.ಟೆಕ್. ಆಫರ್‌ಗಳಿಗೆ ಉತ್ತರ ಕೊಡೋ ಪೋರ್ಟಲ್‌ನಲ್ಲಿ, ಒಂದು ಸುತ್ತಿಗೆ ಒಂದೇ ಆಫರ್ ಕೈಯಲ್ಲಿ ಉಳಿಯೋದು, ಎರಡನ್ನೂ ಹಿಡಿಯೋಕಾಗಲ್ಲ. ‘ಆಕ್ಸೆಪ್ಟ್ ಅಂಡ್ ಫ್ರೀಜ್’ ಒತ್ತಿದರೆ ಆಟ ಮುಗೀತು, ಮುಂದಿನ ಸುತ್ತುಗಳಿಂದ ಹೊರಗೆ. ‘ರಿಟೈನ್ ಅಂಡ್ ವೇಟ್’ ಅಂದ್ರೆ ಇದ್ದದ್ದನ್ನ ಇಟ್ಕೊಂಡು ಮತ್ತೊಂದಕ್ಕೆ ಕಾಯೋದು. ‘ರಿಜೆಕ್ಟ್ ಅಂಡ್ ವೇಟ್’ ಅಂದರೆ ಆ ಪ್ರೋಗ್ರಾಂ ನಿಮಗೆ ಮತ್ತೆ ಬರಲ್ಲ. ಗಡುವಿನೊಳಗೆ ಏನೂ ಒತ್ತದೆ ಇದ್ದರೂ ತಿರಸ್ಕರಿಸಿದ ಲೆಕ್ಕವೇ. ಕೊನೆ ಗಂಟೆವರೆಗೂ ಎಳೀಬೇಡಿ. ನಿಮ್ಮ ಎರಡು ಇಷ್ಟದ ಆಫರೂ ಬಂದಾಗಿರೋದರಿಂದ ರಿಟೈನ್ ಮಾಡೋಕೆ ಕಾರಣವೇ ಕಾಣಲ್ಲ.

ದುಡ್ಡಿನ ವಿಷಯದಲ್ಲಿ ಎರಡೂ ಸಮ. ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ, 24 ತಿಂಗಳಿಗೆ 2,97,600. ಬದಲಿಗೆ ವಾರಕ್ಕೆ 8 ಗಂಟೆ ಲ್ಯಾಬ್, ಟ್ಯುಟೋರಿಯಲ್, ಪೇಪರ್ ತಿದ್ದೋ ಕೆಲಸ. ಬಾಂಬೆಯ ಆರ್‌ಎ (ರಿಸರ್ಚ್ ಅಸಿಸ್ಟೆಂಟ್) ಸೀಟು ಬೇರೆ ಬಗೆ, ಮೂರು ವರ್ಷ ಹಿಡಿಯುತ್ತೆ. ನಿಮ್ಮದು ಟಿಎ ಅಂತ ಆಫರ್ ಪತ್ರದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಓಡಾಟದಲ್ಲಿ ಮಾತ್ರ ಅಜಗಜಾಂತರ. ಬಂಗಾರಪೇಟೆಯಲ್ಲಿ ಲಾಲ್‌ಬಾಗ್ ಇಲ್ಲಾ ಬೃಂದಾವನ ಹತ್ತಿದರೆ ಐದು ಗಂಟೆ ಆಸುಪಾಸಿನಲ್ಲಿ ಚೆನ್ನೈ ಸೆಂಟ್ರಲ್, ಅಲ್ಲಿಂದ ಮೆಟ್ರೋದಲ್ಲಿ ಗಿಂಡಿ. ಬಾಂಬೆಗೆ ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೆಚ್ಚುಕಡಿಮೆ ಒಂದು ದಿನ, ಕಲ್ಯಾಣದಲ್ಲಿ ಇಳಿದು ಸ್ಲೋ ಲೋಕಲ್‌ನಲ್ಲಿ ಕಾಂಜೂರ್‌ಮಾರ್ಗ್, ಆಮೇಲೆ ಪವಾಯಿ. ಮನೇಲಿ ವಯಸ್ಸಾದವರಿದ್ದರೆ ಇದು ಸಣ್ಣ ಮಾತಲ್ಲ. ನಮ್ಮ ಕಡೆಯವರಿಗೆ ತಮಿಳು ಕಿವಿಗೆ ಹೊಸದೂ ಅಲ್ಲ.

ಮಾಲೂರು ಮೆಕ್ಯಾನಿಕಲ್
ತುಂಬಾ ಉಪಕಾರ. ಅಧ್ಯಾಪಕರ ಪುಟ ನೋಡಿದೆ, ದಹನದಲ್ಲಿ ಮದ್ರಾಸ್‌ನಲ್ಲೇ ಹೆಚ್ಚು ಜನ. ಪ್ಲೇಸ್‌ಮೆಂಟ್ ಹೇಗೆ ಹೋಲಿಸೋದು? ನಂದು ಒಬಿಸಿ, 2ಎ ಸರ್ಟಿಫಿಕೇಟ್ ಇದೆ, ಸಾಕಾ?

ಅಂತರಗಂಗೆ
ಸರಾಸರಿ ಸಂಬಳ ಕೇಳಬೇಡಿ, ಕಂಪ್ಯೂಟರ್ ಸೈನ್ಸ್‌ನ ನಾಲ್ಕು ದೊಡ್ಡ ಆಫರ್ ಅದನ್ನ ಮೇಲಕ್ಕೆತ್ತಿರುತ್ತೆ. ಥರ್ಮಲ್ ಎಂ.ಟೆಕ್.ನಲ್ಲಿ ನೋಂದಾಯಿಸಿದವರು ಎಷ್ಟು, ಕೆಲಸ ಸಿಕ್ಕಿದ್ದು ಎಷ್ಟು, ಮಧ್ಯಾಂಕ ಎಷ್ಟು, ಅದರಲ್ಲಿ ಕೋರ್ (ಮೆಕ್ಯಾನಿಕಲ್ ಕೆಲಸ) ಎಷ್ಟು, ಸಾಫ್ಟ್‌ವೇರ್ ಎಷ್ಟು, ಈ ಲೆಕ್ಕ ಕೇಳಿ. ಎರಡೂ ಕಡೆ ಸಂದರ್ಶನ ಡಿಸೆಂಬರ್ 1ಕ್ಕೆ ಶುರು, ಅಂದರೆ ನಿಮ್ಮ ಮೂರನೇ ಸೆಮಿಸ್ಟರ್ ಪ್ರಾಜೆಕ್ಟ್ ಅರ್ಧದಲ್ಲಿರುವಾಗ. ಬೇಸಿಗೆಯಲ್ಲೇ ಫಲಿತಾಂಶ ತೋರಿಸುವಂಥ ಕೆಲಸ ಹಿಡಿದಿರಬೇಕು.

2ಎ ಸಾಲದು. ಅದು ರಾಜ್ಯದ ಪಟ್ಟಿ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯಾ ನೋಡಿ, ಇದ್ದರೆ ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ನಾನ್ ಕ್ರೀಮಿಲೇಯರ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ, ತಹಶೀಲ್ದಾರ್ ಸಹಿಯದ್ದು. ಈ ವರ್ಷದ ಏಪ್ರಿಲ್ 1ರ ನಂತರದ ದಿನಾಂಕ ಇರಬೇಕು. ಹಳೆ ದಿನಾಂಕದ್ದು ತಂದರೆ ದಾಖಲೆ ಪರಿಶೀಲನೆಯಲ್ಲಿ ಸೀಟೇ ಕೈತಪ್ಪಬಹುದು. ವಿಟಿಯು ಫಲಿತಾಂಶ ತಡವಾದರೆ ಆಫರ್ ಪತ್ರದಲ್ಲಿ ಕೊಟ್ಟ ಗಡುವಿನೊಳಗೆ ಪ್ರೊವಿಷನಲ್ ಸರ್ಟಿಫಿಕೇಟ್ ಕೊಡಬಹುದು. ನಾಡಕಚೇರಿ ಕೆಲಸಕ್ಕೆ ಮಾತ್ರ ನಾಳೆ ಬೆಳಿಗ್ಗೆಯೇ ಹೋಗಿ.