ಲೇಸರ್ ಕೀಬೋರ್ಡಲ್ಲಿ ನುಡಿ ಟೈಪಿಂಗ್ ಆಗತ್ತಾ?

ಪ್ರಶ್ನೆ: ನಾನು ತಾಲೂಕು ವರದಿಗಾರ. ಸಭೆ ಮುಗಿದ ಕೂಡಲೇ ಬಸ್‌ಸ್ಟ್ಯಾಂಡ್ ಹೋಟೆಲಲ್ಲಿ ಕೂತು ಮೊಬೈಲಲ್ಲೇ ಸುದ್ದಿ ಕಳಿಸಬೇಕು. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಒಗ್ಗಿದ ಕೈ, ಹೆಬ್ಬೆರಳಲ್ಲಿ ಒತ್ತೋದು ಸಾಕಾಗಿದೆ. ಮೇಜಿನ ಮೇಲೆ ಕೆಂಪು ಕೀಬೋರ್ಡ್ ಮೂಡಿಸುತ್ತಲ್ಲ, ಆ ಬ್ಲೂಟೂತ್ ಡಬ್ಬಿ ತಗೊಳ್ಳಲಾ?

ಉತ್ತರ: ನನ್ನ ಹತ್ರ ಇದೆ ಸಾರ್. ಕೆಂಪು ಚಿತ್ರ ನಮ್ಮ ಕಣ್ಣಿಗಷ್ಟೇ. ಅಸಲಿ ಕೆಲಸ ಮೇಜಿಗೆ ತಾಗಿದಂತೆ ಹರಡೋ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಪದರದ್ದು. ಬೆರಳು ಅಡ್ಡ ಬಂದ್ರೆ ಅದರ ಹೊಳಪನ್ನ ಡಬ್ಬಿಯ ಕ್ಯಾಮೆರಾ ನೋಡಿ, ಯಾವ ಕೀಲಿ ಅಂತ ಲೆಕ್ಕ ಹಾಕತ್ತೆ. ಹಾಗಾಗಿ ಬೆರಳು ಊರಿ ಇಡೋ ಹಾಗಿಲ್ಲ. ಊರಿದ್ರೆ ಅದೂ ಅಕ್ಷರವೇ! ಒಂದರ ಹಿಂದೆ ಇನ್ನೊಂದು ಬೆರಳು ಮರೆಯಾದ್ರೆ ಕಾಣಲ್ಲ. ನುಡಿಯಲ್ಲಿ ಒತ್ತಕ್ಷರಕ್ಕೆಲ್ಲ ಎಫ್, ಮಹಾಪ್ರಾಣಕ್ಕೆ ಶಿಫ್ಟ್ ಬೇಕಲ್ಲ, ‘ಅಧ್ಯಕ್ಷ’ ಹೊಡೆಯೋಷ್ಟರಲ್ಲಿ ಸುಸ್ತು.

ಇನ್ನೊಬ್ಬರು: ಬಿಸಿಲು ಬಿದ್ರೆ ಕೀಲಿಗಳೇ ಮಾಯ. ಗಾಜಿನ ಮೇಜಾದ್ರೂ ಕಷ್ಟ. ಇನ್ನೊಂದು, ಡಬ್ಬಿ ಕಳಿಸೋದು ಕೀಲಿಯ ಸಂಕೇತ ಮಾತ್ರ, ಕನ್ನಡ ಮಾಡೋದು ಫೋನು. ನಿಮ್ಮ ಕನ್ನಡ ಆ್ಯಪ್ ಹೊರಗಿನ ಕೀಬೋರ್ಡಿಗೆ ಒಪ್ಪುತ್ತಾ, ಮೊದಲು ಯಾರದಾದ್ರೂ ಬ್ಲೂಟೂತ್ ಕೀಬೋರ್ಡ್ ಜೋಡಿಸಿ ನೋಡಿ. ನನ್ನ ಕೇಳಿದ್ರೆ ಮಡಚೋ ಕೀಬೋರ್ಡೇ ವಾಸಿ.

ಪ್ರಶ್ನೆ ಕೇಳಿದವರು: ಹೋಟೆಲ್ ಮೇಜು ತಳತಳ ಸ್ಟೀಲು, ಮೇಲೆ ಸಾಂಬಾರು ಬೇರೆ. ಡಬ್ಬಿ ಬೇಡ ಬಿಡಿ. ಮಡಚೋದರಲ್ಲಿ ಕೀಲಿ ತೀರಾ ಚಿಕ್ಕದಿರಲ್ವಾ?