ಅಪ್‌ಡೇಟ್: ಕಮ್ಯೂನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಸೇರಿದೆ

ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಇಂಗ್ಲಿಷ್ ಸಾಹಿತ್ಯ ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಸೇರಿಕೊಂಡೆ!

ಇಲ್ಲಿನ ನಿವಾಸಿಗಳಿಗೆ ಫೀಸು ಯೂನಿಟ್‌ಗೆ, ಅಂದರೆ ಕೋರ್ಸಿನ ಒಂದು ಕ್ರೆಡಿಟ್‌ಗೆ, 46 ಡಾಲರ್. ಯೂನಿವರ್ಸಿಟಿಗೆ ಹೋಗಲೆಂದೇ ಇರುವ 60 ಯೂನಿಟ್‌ನ ಟ್ರಾನ್ಸ್‌ಫರ್ ಡಿಗ್ರಿ ಮುಗಿಸಿದರೆ ಕ್ಯಾಲ್ ಸ್ಟೇಟ್‌ನಲ್ಲಿ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಸೀಟು ಖಾತ್ರಿ. ಆದರೆ ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಅಂತೇನಿಲ್ಲ. ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿಯಾದ ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಡೇವಿಸ್, ಅರ್ವೈನ್ ಸೇರಿ ಆರು ಕ್ಯಾಂಪಸ್‌ಗಳು ಷರತ್ತಿನ ಮೇಲೆ ಸೀಟಿನ ಭರವಸೆ ಕೊಡುತ್ತವೆ. ಬರ್ಕ್ಲಿ ಕೊಡುವುದಿಲ್ಲ. ಕಮ್ಯೂನಿಟಿ ಕಾಲೇಜಿನ ಯಾವ ಕೋರ್ಸ್ ಯಾವ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ಅಸಿಸ್ಟ್ (ASSIST) ಅನ್ನುವ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿಕೊಳ್ಳಿ, ಇದು ತುಂಬಾ ಮುಖ್ಯ.

ಕ್ಲಾಸಂತೂ ನನಗೆ ಬಹಳ ಇಷ್ಟವಾಗಿದೆ. ಕೆಲಸ ಮುಗಿಸಿ ಬರುವವರು, ಮಕ್ಕಳಿರುವ ಅಮ್ಮಂದಿರು, ಎಲ್ಲರೂ ಸೇರಿ ಒಂದೇ ಕವಿತೆಯನ್ನು ಸಾಲು ಸಾಲಾಗಿ ಓದುತ್ತೇವೆ. ಅವರವರ ಬದುಕಿನಿಂದ ಬರುವ ಅರ್ಥಗಳೇ ಬೇರೆ. ಮುಂದಿನ ಸೆಮಿಸ್ಟರ್‌ಗೆ ಅಮೆರಿಕನ್ ಸಾಹಿತ್ಯ ತೆಗೆದುಕೊಳ್ಳುತ್ತಿದ್ದೇನೆ.